ಗಾಡಿಗೆ ಒಂದು ಸುತ್ತು

ಲಕ್ಷ್ಮೇಶ್ವರದಾಗ ಹೊಳೆಯಪ್ಪನ ಕರೇ ಅಂಬಾಸಿಡರ್ ಗಾಡಿ ಅಂದ್ರ ಎಲ್ಲಾರಿಗೂ ಗೊತ್ತು. ಗದಗಿಗೆ ಹೋಗಾವ್ರು, ಶಿರಹಟ್ಟಿ ಕೋರ್ಟಿಗೆ ಹೋಗಾವ್ರು, ಮುಂಡರಗಿಗೆ ಹೆಣ್ಣು ನೋಡಾಕ ಹೋಗಾವ್ರು ಅದನ್ನ ಬಾಡಿಗಿಗೆ ಹಿಡೀತಿದ್ರು. ಹಿಡದು ಬೈತಿದ್ರು. ಯಾಕಂದ್ರ ಅಂವ ಗಾಡಿ ಓಡಿಸ್ತಿರಲಿಲ್ಲ, ನಡಸ್ತಿದ್ದ. "ಹೊಳೆಯಪ್ಪನ ಗಾಡ್ಯಾಗ ಹೊಂಟ್ರ ಎರಡು ಹೊತ್ತಿನ ಬುತ್ತಿ ಕಟಗೋರಿ" ಅಂತ ಚಾಷ್ಟಿ ಮಾಡೂದು ಊರಾಗ ಒಂದು ರೂಢಿನ ಆಗಿಹೋಗಿತ್ತು.

ಅದಕ್ಕಿಂತ ತಲಿ ತಿನ್ನೂದು ಅಂದ್ರ ಅಂವನ ಸುತ್ತು. ಮಂದಿ ಗಾಡ್ಯಾಗ ಕುಂತು ಬೆವರ ಒರಸಿಕೊಳ್ಳಾಕತ್ತಿದ್ರೂ ಅಂವ ಮೊದಲು ಗಾಡಿಗೆ ಒಂದು ಸುತ್ತು ಹಾಕಾಂವ. ನಾಕೂ ಗಾಲಿಗೆ ಕಾಲಿಂದ ಒದ್ದು ನೋಡಾಂವ. ಕೆಳಗ ಬಗ್ಗಿ ಎಣ್ಣಿ ಸೋರಾಕತ್ತೇತೇನು ನೋಡಾಂವ. ಆಮ್ಯಾಲೆ ಬಾಗಲಾ ತಗದು, ಮೊಣಕಾಲೂರಿ, ಬ್ರೇಕಿನ ಬುಡಕ ಕೈ ಆಡಿಸಾಂವ. ಮುಂದಿನ ಸೀಟಿನ್ಯಾಗ ಯಾರರೆ ಚೀಲಾ, ತಂಬಿಗಿ, ಕೊಡಿ ಇಟ್ಟಿದ್ರ ತಗದು ಡಿಕ್ಕಿಗೆ ಒಗ್ಯಾಂವ. "ಏನಪಾ ಹೊಳೆಯಪ್ಪ, ಗಾಡಿಗೆ ಪ್ರದಕ್ಷಿಣಿ ಹಾಕ್ತೀ, ಮಂಗಳಾರತಿ ಯಾವಾಗ?" ಅಂತ ಕೇಳಿದ್ರ, "ಕೆಳಗಿಳದು ನಡಕೋಂತ ಹೋಗ್ರಿ, ಅದಕ್ಕ ಸುತ್ತೂ ಬ್ಯಾಡ, ಆರತೀನೂ ಬ್ಯಾಡ" ಅಂತಿದ್ದ. ಬಾಯಿ ಭಾಳ ಹರಿತ ಅಂವಂದು.

ಈ ಚಟಾ ಹತ್ತಿಸಿದಾಂವ ಬೆಟಗೇರಿ ಶೇಖಸಾಬ, ಹಳೇ ಲಾರಿ ಡ್ರೈವರ್. ಎಪ್ಪತ್ತೊಂದನೇ ಇಸವಿ ಒಳಗ ಹೊಳೆಯಪ್ಪ ತನ್ನೂರು ಅಡರಕಟ್ಟಿಯಿಂದ ಗಾಡಿ ಕಲಿಯಾಕ ಅಂತ ಹೋದ್ರ, ಸಾಬ ಮೂರು ತಿಂಗಳು ಬರೇ ಗಾಡಿ ಒರಸಾಕ ಹಚ್ಚಿದ. ಆಮ್ಯಾಲೆ ಒಂದಿನ ನಾಗಾವಿ ಹಾದಿಗೆ ಕರಕೊಂಡು ಹೋದ. ತಲಿ ಮ್ಯಾಲಿನ ರುಮಾಲು ಬಿಚ್ಚಿ ಹಾದಿ ಮ್ಯಾಲೆ ಹಾಸಿ, "ಬ್ರೇಕ್ ಸತ್ತೈತಿ ಅಂತ ತಿಳಕೋ. ರುಮಾಲಿನ ಈಚಿಗೆ ನಿಲ್ಲಸು" ಅಂದ. ಆರು ಸಲ ರುಮಾಲಿನ ಮ್ಯಾಲೆ ಗಾಲಿ ಹಾದೂವು. ಸಾಬ ಒಂದ ಮಾತು ಬೈಲಿಲ್ಲ, ರುಮಾಲು ಝಾಡಿಸಿ ಮತ್ತ ಹಾಸಿದ. ಏಳನೇ ಸಲಕ್ಕ ಗಾಡಿ ಒಂದು ಗೇಣು ಈಚಿಗೆ ನಿಂತಿತು. ಆವತ್ತ ಸಾಬ ಅಂವಗ ಮಿರ್ಚಿಭಜಿ ಕೊಡಿಸಿದ.

ಲಕ್ಷ್ಮೇಶ್ವರದಾಗ ಹೊಳೆಯಪ್ಪ ಗಾಡಿ ನಿಲ್ಲಸ್ತಿದ್ದದ್ದು ಗುಡಿ ಪೂಜಾದ ಗುರುರಾಜ ಆಚಾರ್ರ ಹಿತ್ತಲದಾಗ. ಅವರ ಹೆಂಡತಿ ಅಂಬುಬಾಯಿ. ಹಿತ್ತಲದಾಗ ನಿಂತದ್ದು ಮನೀದ ಆತಲ್ಲ, ಹಿಂಗಾಗಿ ವರ್ಷಾ ಖಂಡೇನವಮಿಗೆ, ಆಯುಧಪೂಜಿ ದಿನ, ಗಾಡಿ ಪೂಜಿ ಅಕಿದ. ಅರಿಷಿಣ, ಕುಂಕುಮ, ಚೆಂಡಹೂವಿನ ಮಾಲಿ. ಗಾಡಿ ಒಳಗ, ಮುಂದಿನ ಗಾಜಿನ ಕನ್ನಡಿ ಬುಡಕ, ಎಲಿ ಮ್ಯಾಲೆ ಒಂದು ತೆಂಗಿನಕಾಯಿ. ಖಂಡೇಪೂಜಿಗೆ ಇಟ್ಟದ್ದನ್ನ ಮರುದಿನ ಬನ್ನಿ ಕೊಟ್ಟು ತಗೊಳ್ಳೂತನಕ ಕದಲಸಬಾರದು. ಆವತ್ತ ಗಾಡಿನೂ ಹೊರಗ ತಗೀಬಾರದು. ಹೊಳೆಯಪ್ಪಗೂ ವರ್ಷದಾಗ ಅದೊಂದ ದಿನ ಕಣ್ಣು ತುಂಬ ನಿದ್ದಿ.

ಎಂಬತ್ತೆರಡನೇ ಇಸವಿಯ ಖಂಡೇನವಮಿ ದಿನ ಆ ನಿದ್ದಿ ಆಗಲಿಲ್ಲ. ಅಂಬುಬಾಯಿ ಮಗಳು ತಾರಾಬಾಯಿ ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಿದ್ಲು. ಪೂಜಿ ಮುಗದು ಒಂದು ತಾಸಿಗೆ ಬ್ಯಾನಿ ಸುರು ಆದೂವು. ಸೂಲಗಿತ್ತಿ ಹೊಟ್ಟಿ ಮುಟ್ಟಿ ನೋಡಿ, "ಕೂಸು ಅಡ್ಡ ತಿರಗೇತಿ. ನನ್ನ ಕೈಲೆ ಆಗೂದಿಲ್ಲ, ಗದಗಿಗೆ ಒಯ್ರಿ, ಸಂಜೀತನಕ ತಡೀಬ್ಯಾಡ್ರಿ" ಅಂತ ಕೈ ತೊಳಕೊಂಡು ಎದ್ಲು. ಆಚಾರ್ರು ಗುಡ್ಯಾಗ ಮಡೀಲೆ ಇದ್ರು. ಅವರ ಹಾದಿ ಕಾಯಾಕ ಹೊತ್ತಿಲ್ಲ.

ಹೊಳೆಯಪ್ಪ ಬಾಗಲಾ ತಗದು ಮೊದಲು ಕಾಯಿಗೆ ಕೈ ಹಾಕಿದ.

"ಹೊಳೆಯಪ್ಪಾ, ಅದನ್ನ ಮುಟ್ಟಬ್ಯಾಡ" ಅಂದ್ಲು ಅಂಬುಬಾಯಿ. "ನಾಳೆತನಕಾ ಕದಲಬಾರದು ಅದು. ಇವತ್ತ ನನ್ನ ಮಗಳ ಜೀವಾನ ಅದರ ಮ್ಯಾಲೆ ಅದ."

"ಬಾಯಾರ, ಮುಂದ ಏನೂ ಇಡಬಾರದ್ರಿ."

"ನಿನ್ನ ಕಾಲಿಗೆ ಬೀಳ್ತೀನೋ."

ಊರ ಮಂದಿ ಬಾಯಿ ಮುಚ್ಚಸಾಂವ ಅಳೂ ತಾಯಿ ಮುಂದ ಏನು ಮಾತಾಡ್ತಾನ? ಕೈ ಹಿಂದ ತಗೊಂಡ. ಗಡಬಿಡ್ಯಾಗ ಸುತ್ತೂ ಹಾಕಲಿಲ್ಲ. ಹನ್ನೊಂದು ವರ್ಷದಾಗ ಸುತ್ತು ಹಾಕದ ಹೊಂಟದ್ದು ಅದೊಂದ ದಿನ.

ಹಿಂದಿನ ಸೀಟಿನ್ಯಾಗ ತಾರಾಬಾಯಿ ಅವ್ವನ ತೊಡಿ ಮ್ಯಾಲೆ ತಲಿ ಇಟ್ಟು ಹಲ್ಲು ಕಚ್ಚಿ ಮಲಗಿದ್ಲು. "ಜಲ್ದಿ ಹೊಡಿಯೋ" ಅಂತ ಅಂಬುಬಾಯಿ ಅಂದಾಗೆಲ್ಲಾ "ರಸ್ತ್ಯಾಗ ತಗ್ಗು-ಕುಣಿ ಭಾಳ ಅದಾವ್ರಿ, ಅಕ್ಕಾರಿಗೆ ಧಕ್ಕಿ ಹತ್ತತೈತಿ" ಅಂತಿದ್ದ. ಬಾಯಿ ಹಂಗಂದ್ರೂ ಕಾಲು ಮಾತ್ರ ದಿನಕ್ಕಿಂತ ಒಂದೀಟು ಜಾಸ್ತಿನ ಒತ್ತಿತ್ತು.

ಮುಳಗುಂದದ ಈಚಿಗೆ ಒಂದು ಇಳಕಲು. ಅದರ ಕೆಳಗ ಹನಮವ್ವ ಅನ್ನೂ ಮುದುಕಿ ಪ್ರತಿ ಸುಗ್ಗಿಗೆ ಡಾಂಬರ ರಸ್ತೆ ಮ್ಯಾಲೆ ಸಜ್ಜಿ ತೆನಿ ಹಾಸಿ, ಗಾಡಿ ತುಳದು ಕಾಳು ಬಿಡಿಸಲಿ ಅಂತ ಕಾದು ಕುಂಡ್ರಾಕಿ. ಯಾರೂ ಬಾಜೂಕ ಹಾದು ಹೋಗಬಾರದಂತ ಅಂಚಿಗೆ ಸಾಲಾಗಿ ಕಲ್ಲು ಬ್ಯಾರೆ. "ಸರಕಾರದ ರಸ್ತೆ ನಿಮ್ಮಪ್ಪನ ಕಣ ಏನಬೇ? ಗಾಲಿ ಜಾರತಾವು" ಅಂತ ಹೊಳೆಯಪ್ಪ, "ಪುಕ್ಕಟೆ ಮೆತ್ತನ ಹಾಸೀನಲ್ಲೋ, ಹೊರಸು ತಂದು ಹಾಕಲೇನು?" ಅಂತ ಅಕಿ. ಏಳು ವರ್ಷದ ಜಗಳ ಅದು.

ಇಳಕಲದ ತಿರುವಿನ್ಯಾಗ ಗಾಡಿ ಒಂದು ಕುಣಿ ಹಾರಿತು. ಕಾಯಿ ಉರುಳಿ ಕೆಳಗ ಬಿತ್ತು. ಹೊಳೆಯಪ್ಪ ಬ್ರೇಕಿಗೆ ಕಾಲಿಟ್ಟ. ಬ್ರೇಕ್ ಕೆಳಗ ಹೋಗವಲ್ಲದು. ಬುಡಕ ಕಾಯಿ ಸಿಕ್ಕಿತ್ತು.

ಬಗ್ಗಿ ಕಾಯಿ ಕೀಳಾಕ ಹೋದ್ರ ರಸ್ತೆ ಕಣ್ಣು ತಪ್ಪತೈತಿ. ಕೆಳಗ ರಸ್ತೆ ಮ್ಯಾಲೆ ಸಜ್ಜಿ, ಸಜ್ಜಿ ನಡುವ ಮೊರದಾಗ ಕಾಳು ಕೇರಕೋಂತ ಕುಂತ ಹನಮವ್ವ. ಬಲಕ್ಕ ಆಳಾದ ಗಟಾರ. ಎಡಕ್ಕ, ರಸ್ತೆ ಅಂಚಿಗೆ, ಕಾಳು ಬಿಡಿಸಿ ಒಟ್ಟಿದ ಹೊಟ್ಟಿನ ದೊಡ್ಡ ಗುಂಪಿ. ಬ್ರೇಕ್ ಸತ್ತೈತಿ ಅಂತ ತಿಳಕೋ, ಅಂದಿದ್ದ ಸಾಬ. ಕೀಲಿ ತಿರವಿ ಗಾಡಿ ಬಂದ್ ಮಾಡಾಕ ಹೋಗಲಿಲ್ಲ. ಗೇರ್ ಮೂರಕ್ಕ ತಂದ, ಎರಡಕ್ಕ ತಂದ, ಗಾಡಿ ಗುರ್ ಅಂತ ಒದರಿ ವೇಗ ಕಳಕೊಂಡಿತು. ಹ್ಯಾಂಡ್ ಬ್ರೇಕ್ ಒಮ್ಮಿಗೇ ಜಗ್ಗಲಿಲ್ಲ, ಈಟೀಟು ಜಗ್ಗಿದ. ಇನ್ನೊಂದು ಕೈ ಹಾರ್ನ್ ಬಿಟ್ಟು ಸರೀಲಿಲ್ಲ.

"ಬಾಯಾರ, ಅಕ್ಕಾರ್ನ ಗಟ್ಟಿ ಹಿಡಕೊಳ್ರಿ."

ಹನಮವ್ವ ತಲಿ ಎತ್ತಿ ನೋಡಿದ್ಲು. ಏಳು ವರ್ಷದಾಗ ಮೊದಲನೇ ಸಲ ಎದುರು ಮಾತಾಡದ ಸರದ್ಲು. ಗಾಡಿ ಎಡಗಡೆ ಗಾಲಿಗೆ ಬಡದು ಎರಡು ಕಲ್ಲು ಸಿಡದು ಹಾರಿದೂವು. ಗಾಡಿ ಹೊಟ್ಟಿನ ಗುಂಪ್ಯಾಗ ಮೂಗು ತೂರಿಸಿ, ಮೆತ್ತಗ ನಿಂತಿತು.

"ರಸ್ತೆ ಮ್ಯಾಲೆ ಹಾಸಬ್ಯಾಡ ಅಂತ ದಿನಾ ನನಗ ಬುದ್ಧಿ ಹೇಳ್ತಿ" ಅಂತ ಹನಮವ್ವ ಮೊರ ಹಿಡಕೊಂಡ ಬಂದ್ಲು. "ಈಗ ನೀನ ನನ್ನ ಹೊಟ್ಟಿನ್ಯಾಗ ಗಾಡಿ ಹುಗದೀ?" ಒಳಗ ಹಣಿಕಿ ಹಾಕಿ ತಾರಾಬಾಯಿ ಮಾರಿ ನೋಡಿದ್ಲು. ಬೈಗಳ ನಿಂತು, ಅಕಿ ಕೊಡದ ನೀರು ಬಂತು. ಆಮ್ಯಾಲೆ ಯಾರೂ ಹೇಳದನ ರಸ್ತೆ ಮ್ಯಾಲಿನ ಕಲ್ಲು ತಾನ ಆರಿಸಿ ಒಗ್ಯಾಕ ನಿಂತ್ಲು.

ಹೊಳೆಯಪ್ಪ ಬಗ್ಗಿ ಬ್ರೇಕಿನ ಬುಡದಿಂದ ಕಾಯಿ ತಗದ. ಅಂಬುಬಾಯಿ ಅದನ್ನ ನೋಡಿದ್ಲು. ಅಕಿ ಮಾರಿ ಹಪ್ಪಳದಂಗ ಬೆಳ್ಳಗಾತು.

"ಬಾಯಾರ, ಕಾಯಿ ನಿಮ್ದು, ತಪ್ಪು ನಂದು" ಅಂದ ಹೊಳೆಯಪ್ಪ. "ಗಾಡಿ ನಡಸಾಂವ ನಾ. ತಗದಿಟ್ಟು, ಸುತ್ತು ಹಾಕಿ ಹೊಂಡಬೇಕಿತ್ತು."

ಅಕಿ ಕಾಯಿ ಇಸಗೊಂಡು ಉಡ್ಯಾಗ ಇಟಗೊಂಡ್ಲು. ಅಂವ ಗಾಡಿ ಹಿಂದಕ್ಕ ತಗದು, ಅಲ್ಲೇ ಹೊಟ್ಟಿನ್ಯಾಗ ಪೂರಾ ಒಂದು ಸುತ್ತು ಹಾಕಿದ. ಗಾಲಿ ಒದ್ದ, ಬ್ರೇಕ್ ಮೂರು ಸಲ ತುಳದು ನೋಡಿದ. ಅಂಬುಬಾಯಿ ಈ ಸಲ ಜಲ್ದಿ ಅನ್ನಲಿಲ್ಲ.

ಗದಗ ಮುಟ್ಟಿದ್ರು. ಬಾಗಲದಾಗ ದೀಪಾ ಹಚ್ಚೂ ಹೊತ್ತಿಗೆ ಹೆಣ್ಣು ಕೂಸು ಆತು. ತಾಯಿ, ಮಗಳು ಇಬ್ರೂ ಸುಖರೂಪ. ಊರಾಗ ಎಲ್ಲಾರೂ ದೇವೀನ ಕಾದ್ಲು ಅಂದ್ರು. ಹೊಳೆಯಪ್ಪ ಚಾದ ಅಂಗಡ್ಯಾಗ ಕುಂತು, "ದೇವಿ ಕಾದದ್ದು ಖರೆ. ಅಕೀಗೆ ಆ ಕೆಲಸಾ ಹಚ್ಚಿದಾಂವ ನಾ" ಅಂತ ತನ್ನ ತಪ್ಪು ತಾನ ಹೇಳಿಕೊಂಡ. ಮಂದಿಗೆ ಚಾಷ್ಟಿಗೆ ಇನ್ನೊಂದು ಸಿಕ್ಕಂಗಾತು. ಆದ್ರ ಅಂವ ಸುತ್ತು ಹಾಕೂ ಹೊತ್ತಿಗೆ ಮಾತ್ರ ಆಮ್ಯಾಲೆ ಯಾರೂ ನಗಲಿಲ್ಲ.

ಮರುವರ್ಷ ಖಂಡೇನವಮಿ ಬಂತು. ಕಾಯಿ ಬ್ಯಾಡ್ರಿ ಅಂತ ಬಾಯಾರಿಗೆ ಹೆಂಗ ಹೇಳಲಿ ಅಂತ ಹೊಳೆಯಪ್ಪ ಎರಡು ದಿನದಿಂದ ಒದ್ದಾಡಾಕತ್ತಿದ್ದ. ಅಂಬುಬಾಯಿ ಆರತಿ ಮಾಡಿದ್ಲು. ಕನ್ನಡಿ ಬುಡಕ ಕಾಯಿ ಇಟ್ಟು ಕೈ ಮುಗದ್ಲು. ಆಮ್ಯಾಲೆ ತಾನ ಅದನ್ನ ಎತ್ತಿ, ಹಬ್ಬಕ್ಕ ಬಂದಿದ್ದ ತಾರಾಬಾಯಿ ಕೈಯಾಗ ಕೊಟ್ಲು. "ದೇವರ ಮನ್ಯಾಗ ಇಡು. ದೇವಿ ಮುಂದ ನಾ ಹೇಳಿಕೊಂಡೀನಿ."

ಮೊಮ್ಮಗಳನ್ನ ಬಗಲಾಗ ಎತ್ತಿಕೊಂಡು ಗಾಡಿಗೆ ಒಂದು ಸುತ್ತು ಹಾಕಿದ್ಲು. ಒಂದೊಂದು ಗಾಲಿ ಮುಂದ ನಿಂತು ಕೂಸಿನ ಪಾದದಿಂದ ಮೆಲ್ಲಕ ಒದಿಸಿದ್ಲು. ಕೂಸು ಕಿಲಕಿಲ ನಗತಿತ್ತು. ಕಡೀಕ, ಮಡಿ ಸೀರಿಗೆ ಮಣ್ಣು ಹತ್ತೂದನ್ನೂ ನೋಡದ, ಬಾಗಲದಾಗ ಮೊಣಕಾಲೂರಿ ಬ್ರೇಕಿನ ಬುಡಕ ಕೈ ಆಡಿಸಿದ್ಲು.

"ಏನೂ ಇಲ್ಲ, ಹೊಳೆಯಪ್ಪಾ" ಅಂದ್ಲು. "ಆದ್ರೂ ನೀ ಒಮ್ಮೆ ನೋಡು."

ಹೊಳೆಯಪ್ಪ ಹೆಗಲ ಮ್ಯಾಲಿನ ಟಾವೆಲ್ಲಿಂದ ಕಣ್ಣು ಒರಸಿಕೊಂಡು, ಮೊದಲನೇ ಗಾಲಿ ಕಡೆ ನಡದ.