ಬಾಣಂತಿ ಕೋಣೆಯ ಗೋಡೆ

ಆವತ್ತು ತಪಾಸಣೆ ನಡೆಯಲೇ ಇಲ್ಲ. ಪಂಚಾಯ್ತಿ ಆಫೀಸಿನ ಇನ್ಸ್‌ಪೆಕ್ಟರು ಬಂದರು, ಎಳನೀರು ಕುಡಿದರು, ಗೋಡೆ ಭದ್ರವಾಗಿದೆ ಎಂದು ಬರೆದುಕೊಂಡು ಹೋದರು. ಗೋಡೆಯ ಬಿರುಕನ್ನು ಅವರು ನೋಡಿದ್ದೇ ಇಲ್ಲ.

ಎಂಬತ್ತನೇ ಇಸವಿಯ ಆಸುಪಾಸು. ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ದಾರಿಯಲ್ಲಿ ಒಂದು ವಠಾರದಲ್ಲಿ ನಾವಿದ್ದೆವು. ದ್ರಾಕ್ಷಿ ತೋಟ ತೆಗೆದು ಬಾಡಿಗೆ ಮನೆ ಕಟ್ಟಿಸಿದ ಮಾಲೀಕ ಅದೇ ಊರಿನವನು. ಕೆಟ್ಟವನಲ್ಲ, ಕಟ್ಟಿಸುವ ಚಪಲ ಜಾಸ್ತಿ. ಮಣ್ಣಿನಲ್ಲಿ ಎಬ್ಬಿಸಿದ ಗೋಡೆ, ಮೇಲೆ ಕಲ್ಲು ಚಪ್ಪಡಿ. ನಮ್ಮ ಪಾಲಿಗೆ ಒಂದು ಅಡಿಗೆಮನೆ, ಒಂದು ಕಿಟಕಿಯಿಲ್ಲದ ಒಳಕೋಣೆ. ನನ್ನ ಗಂಡ ಆಗಲೇ ತೀರಿಹೋಗಿದ್ದ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳು ಬಂದ ಮೇಲೆ ಮಾಲೀಕ ಒಳಕೋಣೆಯ ನೆತ್ತಿಗೆ ಇನ್ನೊಂದು ರೂಮು ಎತ್ತಿಸಿದ. ಆ ಕೋಣೆಯ ಹಿತ್ತಿಲ ಕಡೆಯ ಗೋಡೆ ಚಪ್ಪಡಿಯಿಂದ ನೆಲದವರೆಗೆ ಸೀಳಿತು. ನನ್ನ ಬೆರಳು ಅದರೊಳಗೆ ಹೋಗುತ್ತಿತ್ತು.

ಮೇಲೆ ಕಟ್ಟಲು ಲೈಸೆನ್ಸ್ ಬೇಕು, ಅಪಾಯ ಕಂಡರೆ ಪಂಚಾಯ್ತಿಯವರೇ ಕೆಡವಿಸುತ್ತಾರೆ ಎಂದು ಯಾರೋ ಹೇಳಿದರು. ಆಫೀಸಿಗೆ ಹೋದೆ. ಬರ್ತೀವಿ ಎಂದರು. ಬರಲಿಲ್ಲ, ಮತ್ತೆ ಹೋದೆ. ಅಂತೂ ಅವರು ಬರುವ ಹೊತ್ತಿಗೆ ಹೆರಿಗೆಯೂ ಆಗಿತ್ತು. ಬಾಣಂತಿಗೆ ಗಾಳಿ ಸೋಕಬಾರದು, ಇದ್ದ ಬೆಚ್ಚನೆಯ ಜಾಗ ಒಳಕೋಣೆ ಒಂದೇ. ಇವತ್ತೋ ನಾಳೆಯೋ ಮೇಲಿನ ರೂಮು ಕೆಡವಿಸುತ್ತಾರಲ್ಲ ಎಂದು ಅಲ್ಲೇ ಮಲಗಿಸಿದ್ದೆ. ಕೂಸು ಗೋಡೆಯ ಬುಡದಲ್ಲೇ ಇತ್ತು.

ಇನ್ಸ್‌ಪೆಕ್ಟರು ಒಳಕೋಣೆಯ ಬಾಗಿಲವರೆಗೆ ಬಂದು ನಿಂತುಬಿಟ್ಟರು. ಒಳಗಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು.

"ಪುರುಡು ಕಳೆದಿಲ್ವೇನಮ್ಮ?"

"ಇಲ್ಲ ಸಾಮಿ. ಒಳಗ್ ಬಂದು ಗೋಡೆ ನೋಡಿ."

"ಬಾಣಂತಿ ಇರೋ ಕಡೆ ನಾನ್ ಹೆಂಗ್ ಬರ್ಲಿ? ಸಂಜೆ ಮನೇಲಿ ಪೂಜೆ ಇದೆ, ಮೈಲಿಗೆ ಆಗುತ್ತೆ."

ಮಾಲೀಕ ಹಿಂದೆಯೇ ಇದ್ದ. "ಅಲ್ವಾ ಸಾರ್? ಗಂಡಸ್ರು ಓಗೋ ಜಾಗವಾ ಅದು? ಈಯಮ್ಮಂಗೆ ನಾಚ್ಕೆ ಬ್ಯಾಡ್ವಾ!"

"ನಾಚ್ಕೆ ನಿಂಗಿರಲಿ ಕಣಪ್ಪ. ಒಸಿ ಇರಿ ಸಾಮಿ, ಅವಳ್ನ ಆಚೆ ಕರ್ಕೊಂಡ್ ಬತ್ತೀನಿ" ಎಂದೆ.

ಮಗಳು ಒಳಗಿನಿಂದಲೇ ಕೂಗಿದಳು: "ನಾ ಬರಾಕಿಲ್ಲಮ್ಮ, ಗಂಡಸ್ರವ್ರೆ!"

ಹೊಸಿಲು ದಾಟಬೇಡ ಎಂದು ದಿನಾ ಹೇಳುತ್ತಿದ್ದವಳು ನಾನೇ. ಈಗ ಅವಳನ್ನು ಬೈಯುವುದು ಹೇಗೆ?

ಇನ್ಸ್‌ಪೆಕ್ಟರು ಹಿತ್ತಿಲಿಗೆ ಹೋಗಿ ಅದೇ ಗೋಡೆಯ ಹೊರಮೈಯನ್ನು ಕೊಡೆಯಿಂದ ತಟ್ಟಿದರು. ಹಿಂದಿನ ವಾರವಷ್ಟೇ ಮಾಲೀಕ ಅಲ್ಲಿಗೆ ಗಿಲಾವು ಹೊಡೆಸಿ ಸುಣ್ಣ ಬಳಿಸಿದ್ದ.

"ಗಟ್ಟಿಯಾಗೇ ನಿಂತಿದೆಯಲ್ಲಮ್ಮ."

"ನಾನೂ ಗಟ್ಟಿಯಾಗೇ ನಿಂತಿವ್ನಿ. ಅಂಗಂತ ನನ್ ತಲೆ ಮ್ಯಾಲೂ ಒಂದ್ ರೂಮು ಕಟ್ತೀರಾ?"

ಇಬ್ಬರೂ ನಕ್ಕರು. ಇನ್ಸ್‌ಪೆಕ್ಟರು ನಗುತ್ತಲೇ ಬರೆದುಕೊಂಡರು. "ಪುರುಡು ಕಳೀಲಿ, ಇನ್ನೊಂದ್ಸಲ ಬಂದ್ ನೋಡ್ತೀನಿ" ಎಂದರು. ಭದ್ರ ಎಂದು ಬರೆದ ಮೇಲೆ ಯಾಕೆ ಬರುತ್ತಾರೆ? ಬರಲೂ ಇಲ್ಲ.

ಆ ಸಂಜೆ ನಾಲ್ಕಾರು ಕಡೆ ಮನೆ ಕೇಳಿದೆ. ಪುರುಡಿನ ಮನೆಯವರು ಎಂದು ತಿಳಿದ ಮೇಲೆ ಯಾರೂ ಕೀಲಿ ಕೊಡಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಕೊಡುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಡಿಗೆಮನೆಯ ಕಿಟಕಿಗೆ ಹಳೆಯ ಕಂಬಳಿ ಬಡಿದೆ. ಸೀಮೆಎಣ್ಣೆ ಸ್ಟೌ, ಪಾತ್ರೆಗಳನ್ನೆಲ್ಲ ಒಳಕೋಣೆಗೆ ಸಾಗಿಸಿ, ಮಗಳನ್ನೂ ಕೂಸನ್ನೂ ತಂದು ಅಡಿಗೆಮನೆಯಲ್ಲಿ ಮಲಗಿಸಿದೆ.

"ಆ ಗೋಡೆ ಕೆಳಗೆ ನೀನ್ ಕೂತ್ಕೋತೀಯೇನಮ್ಮ?" ಎಂದಳು.

"ಸಾರು ಯಾರ್ ಮಾಡ್ತಾರೆ, ನಿಮ್ಮತ್ತೆ ಬತ್ತಾಳಾ?" ಎಂದೆ.

ಒಳಗೆ ಹೋಗಿ ಬಿರುಕಿಗೆ ಬೆನ್ನು ಹಾಕಿ ಕೂತು, ಸ್ಟೌ ಹಚ್ಚಿ, ಅವಳ ಸಾರಿಗೆ ಮೆಣಸು ಹುರಿದೆ.