ಪೂರ್ತಿ ಅಂಗಿ

ಕಾಲರ್ ಅಕ್ಕ ಎಂದರೆ ಆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಗೇಟು ಕಾಯುವವನಿಂದ ಹಿಡಿದು ಮೇಲಿನ ಮಹಡಿಯ ಮ್ಯಾನೇಜರ್‌ವರೆಗೆ ಎಲ್ಲರಿಗೂ ಗೊತ್ತು. ಅಂಗಿಗೆ ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಹೊಸಬರು ಬಂದರೆ ಸೂಪರ್‌ವೈಸರ್ ಅವರನ್ನು ತಂದು ಅವಳ ಬೆನ್ನ ಹಿಂದೆ ನಿಲ್ಲಿಸಿ, "ನೋಡ್ಕೊಳ್ಳಿ, ಕೈ ಅಂದ್ರೆ ಹೀಗೆ ಓಡ್ಬೇಕು" ಎನ್ನುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ, ಆದರೆ ಕಿವಿ ಮಾತ್ರ ಅಲ್ಲೇ ಇರುತ್ತಿತ್ತು.

ಈಗ ಒಂದು ಮಾತು ಹೇಳುತ್ತೇನೆ, ನಗಬೇಡಿ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೊಲಿಗೆ ಮೆಷಿನ್ನಿನ ಮುಂದೆ ಕೂತ ಈ ಹೆಂಗಸಿಗೆ ಒಂದು ಅಂಗಿ ಹೊಲಿಯಲು ಬರುತ್ತಿರಲಿಲ್ಲ.

ಬರುವುದಾದರೂ ಹೇಗೆ? ಕಾರ್ಖಾನೆಯಲ್ಲಿ ಅಂಗಿಯನ್ನು ಯಾರೂ ಪೂರ್ತಿ ಹೊಲಿಯುವುದಿಲ್ಲ. ಉದ್ದಕ್ಕೆ ಒಂದು ಲೈನು. ಒಬ್ಬಳು ಜೇಬು ಹಚ್ಚಿ ಬಲಕ್ಕೆ ತಳ್ಳಿದರೆ ಪಕ್ಕದವಳು ಭುಜ ಜೋಡಿಸಿ ಬಲಕ್ಕೆ ತಳ್ಳುತ್ತಾಳೆ. ಎಡತೋಳಿಗೆ ಒಬ್ಬಳು, ಬಲತೋಳಿಗೆ ಇನ್ನೊಬ್ಬಳು. ಕಾಲರ್ ಅಕ್ಕನ ಕೈಗೆ ಕಾಲರ್ ಬರುತ್ತಿತ್ತು, ಕಾಲರ್ ಹೋಗುತ್ತಿತ್ತು. ಅಷ್ಟೇ ಅವಳ ಲೋಕ.

ಇದು ನೆಂಟರಿಷ್ಟರಿಗೆ ಹೇಗೆ ಗೊತ್ತಾಗಬೇಕು? ಅವರ ಲೆಕ್ಕದಲ್ಲಿ ಅವಳು ದೊಡ್ಡ ಟೈಲರು. ಒಮ್ಮೆ ನಾದಿನಿ ಬಟ್ಟೆ ತಂದುಕೊಟ್ಟು, "ಅತ್ತಿಗೆ, ಮಗೂಗೆ ಒಂದು ಫ್ರಾಕ್ ಹೊಲಿದುಕೊಡಿ, ನಿಮಗೇನು ನೀರು ಕುಡಿದಷ್ಟು ಸುಲಭ" ಎಂದಳು. ಕಾಲರ್ ಅಕ್ಕ "ಆಯ್ತು ಬಿಡು" ಎಂದಳು. ಮರುದಿನ ಆ ಬಟ್ಟೆಯನ್ನು ಚೀಲದ ಅಡಿಯಲ್ಲಿ ಬಚ್ಚಿಟ್ಟುಕೊಂಡು ಎರಡು ಬೀದಿ ಆಚೆಯ ಟೈಲರ್ ಅಂಗಡಿಗೆ ಹೋಗಿ ಹೊಲಿಸಿಕೊಂಡು ಬಂದಳು. ನಾದಿನಿ ಫ್ರಾಕನ್ನು ತಿರುಗಿಸಿ ಮುರುಗಿಸಿ ನೋಡಿ, "ಅತ್ತಿಗೆ ಕೈಯೇ ಕೈ!" ಎಂದು ಹೊಗಳಿದಾಗ ಅವಳಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತ್ತು.

ಹೀಗೇ ಕಾಲ ತಳ್ಳಿಬಿಡುತ್ತಿದ್ದಳೇನೋ. ಅಷ್ಟರಲ್ಲಿ ಕಾರ್ಖಾನೆಗೆ ಕಾಲರ್ ಹೊಲಿಯುವ ಹೊಸ ಮೆಷಿನ್ ಬರುತ್ತದೆ ಎಂಬ ಸುದ್ದಿ ಬಂತು. ಬಟ್ಟೆ ಇಟ್ಟು ಗುಂಡಿ ಒತ್ತಿದರೆ ಮುಗಿಯಿತಂತೆ. ಸೂಪರ್‌ವೈಸರ್ ಅವಳ ಬಳಿ ಬಂದು, "ಅಕ್ಕ, ಮುಂದಿನ ತಿಂಗಳಿಂದ ನೀವು ಪ್ಯಾಕಿಂಗ್ ಕಡೆ ಹೋಗ್ಬೇಕಾಗುತ್ತೆ. ದಾರ ಕತ್ತರಿಸೋದು, ಮಡಚೋದು. ಆರಾಮಾಗಿರುತ್ತೆ ನಿಮಗೆ" ಎಂದ.

ಆರಾಮು! ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತೇಳರ ಹೆಂಗಸಿಗೆ ಇನ್ನು ಆರಾಮು ಸಾಕು ಎಂದು ಹೇಳಲು ಇವನ್ಯಾರು? ಮಧ್ಯಾಹ್ನ ಊಟದ ಡಬ್ಬಿಯನ್ನೂ ಬಿಚ್ಚದೆ ಸೀದಾ ಸ್ಯಾಂಪಲ್ ರೂಮಿಗೆ ನಡೆದಳು. ಇಡೀ ಕಾರ್ಖಾನೆಯಲ್ಲಿ ಒಂದು ಅಂಗಿಯನ್ನು ಒಬ್ಬರೇ ಮೊದಲಿನಿಂದ ಕೊನೆಯವರೆಗೆ ಹೊಲಿಯುವ ಜಾಗ ಅದೊಂದೇ. ಅಲ್ಲಿನ ಮಾಸ್ಟರು ಸಿಡುಕು ಮೋರೆಯ ಮುದುಕರು, ಹೊಗಳಿಕೆ ಎಂಬುದು ಅವರ ಬಾಯಿಂದ ಬಿದ್ದದ್ದನ್ನು ಕಂಡವರಿಲ್ಲ.

"ಮಾಸ್ಟ್ರೆ, ಇಲ್ಲಿ ಒಂದು ಜಾಗ ಖಾಲಿ ಇದೆಯಂತೆ. ನನ್ನನ್ನ ತಗೊಳ್ಳಿ."

ಮಾಸ್ಟರು ಕನ್ನಡಕದ ಮೇಲಿಂದ ನೋಡಿದರು. "ಪೂರ್ತಿ ಅಂಗಿ ಹೊಲಿದಿದ್ದೀರೇನಮ್ಮ ಯಾವತ್ತಾದ್ರೂ?"

"ಇಲ್ಲ."

"ಮತ್ತೆ?"

"ಹೊಲೀತೀನಿ."

ಆ ಧೈರ್ಯ ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಮಾಸ್ಟರು ತಿಂಗಳ ಕೊನೆಯ ಶನಿವಾರಕ್ಕೆ ಪರೀಕ್ಷೆ ಇಟ್ಟರು. ಕತ್ತರಿಸಿದ ಬಟ್ಟೆ ಕೊಡುತ್ತೇನೆ, ಊಟದ ಗಂಟೆಯಿಂದ ಸಂಜೆ ಗಂಟೆಯೊಳಗೆ ಅಂಗಿ ನನ್ನ ಕೈಗೆ ಬರಬೇಕು, ಇಲ್ಲದಿದ್ದರೆ ಪ್ಯಾಕಿಂಗ್ ಎಂದರು. ಎರಡನೇ ಮಾತಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಇವಳ ಹಠ. ಊಟದ ಬಿಡುವಿನಲ್ಲಿ ಎರಡು ತುತ್ತು ಬಾಯಿಗೆ ತುರುಕಿಕೊಂಡು ಲೈನಿನಲ್ಲಿ ದಿನಕ್ಕೊಬ್ಬರ ಪಕ್ಕ ಹೋಗಿ ಕೂರುವುದು. "ನಿನ್ನ ಜೇಬು ಕಲಿಸೇ." "ನಿನ್ನ ಭುಜ ಕಲಿಸೇ." ಕೆಲವರು ನಕ್ಕರು, ಈ ವಯಸ್ಸಲ್ಲಿ ಇವಳಿಗ್ಯಾಕೆ ಬೇಕಿತ್ತು ಎಂದು ಮೂಗು ಮುರಿದರು. ಅವಳು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಮನೆಯಲ್ಲಿ ಹಳೆ ಮೆಷಿನ್ನಿಗೆ ಎಣ್ಣೆ ಬಿಟ್ಟು, ಅಂಗಿಯ ಹೊಟ್ಟೆಯೊಳಗೆ ಏನಿದೆ ನೋಡೋಣ ಎಂದು ಗಂಡನ ಅಂಗಿಯೊಂದನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ಹಾಸಿಗೆಯ ಮೇಲೆ ಹರಡಿದಳು. ಗಂಡ ಬಸ್ ಡ್ರೈವರು. ಬೆಳಿಗ್ಗೆ ಡ್ಯೂಟಿಗೆ ಹೊರಟವನು ಬನಿಯನ್ನಿನಲ್ಲೇ ಕೂಗಿದ: "ಏ, ನನ್ನ ಯೂನಿಫಾರ್ಮ್ ಎಲ್ಲೇ?"

"ಹಾಸಿಗೆ ಮೇಲಿದೆ ನೋಡ್ರಿ."

"ಇಲ್ಲಿ ಬರೀ ತುಂಡುಗಳಿವೆ!"

"ಅದೇ ಕಣ್ರೀ, ಅದೇ."

ಪಾಪ, ಅವನು ಒಳ್ಳೆಯವನು. ತಲೆ ಚಚ್ಚಿಕೊಂಡು ಇಸ್ತ್ರಿ ಇಲ್ಲದ ಇನ್ನೊಂದು ಅಂಗಿ ತೊಟ್ಟು ಹೋದ. ಸಂಜೆ ಬರುವಾಗ ಹಳೆಯ ಹಾಸುಬಟ್ಟೆಯೊಂದನ್ನು ಯಾರಿಂದಲೋ ಕೇಳಿ ತಂದು, "ಇದನ್ನ ಎಷ್ಟು ಬೇಕಾದ್ರೂ ಕೊಯ್ಯಿ, ನನ್ನ ಅಂಗಿಗಳಿಗೆ ಜೀವದಾನ ಕೊಡು ಮಹಾತಾಯಿ" ಎಂದ.

ಆ ಹಾಸುಬಟ್ಟೆಯಲ್ಲೇ ಅವಳ ಮೊದಲ ಅಂಗಿ ಎದ್ದು ನಿಂತಿತು. ಕಾಲರ್ ಮಾತ್ರ ಹಾಕಲಿಲ್ಲ, ಅದರಲ್ಲಿ ಕಲಿಯುವುದೇನಿದೆ ಎಂದು ಬಿಟ್ಟಿದ್ದಳು. ಗಂಡನಿಗೆ ತೊಡಿಸಿದಳು. ಎಡಗೈ ಸರಿಯಾಗಿ ಹೋಯಿತು. ಬಲಗೈ ಹೋಯಿತೇನೋ ನಿಜ, ಆದರೆ ಮುಂದಕ್ಕೆ ಚಾಚಿದರೆ ಬಟ್ಟೆ ಹಿಂದಕ್ಕೆ ಎಳೆಯುತ್ತದೆ.

"ಇದೇನೇ ಇದು, ಕೈಗೆ ರಿವರ್ಸ್ ಗೇರ್ ಹಾಕಿದ್ದೀಯಾ?" ಎಂದ ಅವನು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವಳೊಬ್ಬಳೇ ಕೂತು ಯೋಚಿಸಿದಾಗ ವಿಷಯ ಹೊಳೆಯಿತು. ತೋಳು ಕಲಿಸಿದವಳು ಎಡತೋಳಿನವಳು. ತೋಳಿನ ಮುಂಭಾಗದ ಆಳವಾದ ಬಾಗು ಯಾವಾಗಲೂ ನಿನ್ನ ಬಲಗೈ ಕಡೆ ಇರಲಿ ಎಂದು ಹೇಳಿಕೊಟ್ಟಿದ್ದಳು. ಇವಳು ಎರಡಕ್ಕೂ ಹಾಗೇ ಮಾಡಿ ಒಂದೇ ಅಂಗಿಗೆ ಎರಡು ಎಡತೋಳು ಕೂರಿಸಿಬಿಟ್ಟಿದ್ದಳು! ಮರುದಿನ ಹೋಗಿ ಕೇಳಿದರೆ ಎಡತೋಳಿನವಳು ಬಾಯಿ ಬಿಟ್ಟು ನಿಂತಳು. "ಅಯ್ಯೋ, ಬಲತೋಳು ಬೇರೆ ಥರಾನಾ? ನಂಗೇನು ಗೊತ್ತು ಕಣೇ, ನಾನು ಯಾವತ್ತು ಹಾಕಿದ್ದೀನಿ?"

ಬಲತೋಳಿನವಳ ಹತ್ತಿರ ಇನ್ನೊಂದು ಸಲ ಪಾಠವಾಯಿತು. ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಶನಿವಾರ ಬಂದೇಬಿಟ್ಟಿತು.

ಸ್ಯಾಂಪಲ್ ರೂಮಿನಲ್ಲಿ ಒಂದು ಮೆಷಿನ್, ಒಂದು ಮೇಜು, ಎದುರಿಗೆ ಕುರ್ಚಿಯಲ್ಲಿ ಮಾಸ್ಟರು. ಜೇಬು ಹಚ್ಚಿದಳು. ಭುಜ ಜೋಡಿಸಿದಳು, ಜೋಡಿಸಿದವಳೇ ಅಂಗಿಯನ್ನು ಬಲಕ್ಕೆ ತಳ್ಳಿದಳು. ಇಪ್ಪತ್ತು ವರ್ಷದ ರೂಢಿ, ಕೈ ಕೇಳಬೇಕಲ್ಲ! ಬಲಗಡೆ ತೆಗೆದುಕೊಳ್ಳಲು ಯಾರಿದ್ದಾರೆ? ಅಂಗಿ ಹೋಗಿ ನೆಲದ ಮೇಲೆ ಬಿತ್ತು. ಮಾಸ್ಟರು ಹುಬ್ಬು ಏರಿಸಿದರು. ಅವಳು ನಾಲಿಗೆ ಕಚ್ಚಿಕೊಂಡು ಎತ್ತಿ ಕೊಡವಿ ಮುಂದುವರಿಸಿದಳು. ಎಡತೋಳು, ಬಲತೋಳು, ಪಕ್ಕ, ಕಫ್, ಕೆಳಗಿನ ಮಡಿಕೆ. ತೋಳುಗಳು ಎಷ್ಟು ಚೆನ್ನಾಗಿ ಕೂತವೆಂದರೆ ಅವಳ ತುಟಿಯಲ್ಲಿ ಸಣ್ಣ ನಗೆ ಬಂತು.

ಕಾಲರನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಅದು ತನ್ನದು ತಾನೇ, ಕಣ್ಣು ಮುಚ್ಚಿ ಹಾಕುತ್ತೇನೆ ಎಂಬ ಧೈರ್ಯ. ಗಂಟೆ ಬಾರಿಸಲು ಇನ್ನೇನು ಸ್ವಲ್ಪ ಹೊತ್ತಿತ್ತು. ಸರ್ರನೆ ಓಡಿಸಿದಳು, ತಿರುವಿದಳು, ಕೂರಿಸಿದಳು, ಗುಂಡಿ ಹಾಕಿದಳು, ಕೊಟ್ಟಳು. ಗಂಟೆ ಬಾರಿಸಿತು.

ಮಾಸ್ಟರು ಅಂಗಿಯನ್ನು ಒಳಗೆ ಹೊರಗೆ ತಿರುಗಿಸಿ ನೋಡಿದರು. ತೋಳು ಎಳೆದರು, ಪಕ್ಕ ಸವರಿದರು, ತಲೆ ಆಡಿಸಿದರು. ಕೊನೆಗೆ ಕುತ್ತಿಗೆಯ ಹತ್ತಿರ ಬಂದು ನಿಂತರು.

"ಈ ಕಾಲರ್ ಯಾರು ಹಾಕಿದ್ದಮ್ಮ?"

ಅವಳು ಬಗ್ಗಿ ನೋಡಿದಳು. ಕಾಲರಿನ ಒಂದು ಮೂಲೆ ಉದ್ದ, ಇನ್ನೊಂದು ಗಿಡ್ಡ. ಇಡೀ ಅಂಗಿಯಲ್ಲಿ ಕೆಟ್ಟಿದ್ದು ಅದೊಂದೇ!

ಹೇಗಾಯಿತು? ನೋಡುತ್ತ ನೋಡುತ್ತ ಅರ್ಥವಾಯಿತು. ಲೈನಿನಲ್ಲಿ ಅವಳ ಕೈಗೆ ಬರುತ್ತಿದ್ದ ಪ್ರತಿಯೊಂದು ಕಾಲರಿನ ಮೇಲೂ ಸೀಮೆಸುಣ್ಣದ ಗೆರೆ ಇರುತ್ತಿತ್ತು. ಎಡಗಡೆ ಮೇಜಿನ ವಯಸ್ಸಾದ ಹೆಂಗಸು ರಟ್ಟಿನ ಅಚ್ಚಿಟ್ಟು ಎಳೆದು ಕೊಡುತ್ತಿದ್ದ ಗೆರೆ. ಇವಳ ಮೆಷಿನ್ನು ಆ ಗೆರೆ ಹಿಡಿದು ಓಡುತ್ತಿತ್ತು, ಅಷ್ಟೇ. ಈ ಬಟ್ಟೆಯ ಮೇಲೆ ಗೆರೆ ಇರಲಿಲ್ಲ. ಇಷ್ಟು ವರ್ಷ ಕಾಲರ್ ನನ್ನದು, ನನ್ನದು ಎಂದು ಒಳಗೊಳಗೇ ಮೆರೆದಿದ್ದಳಲ್ಲ, ಅದರಲ್ಲಿ ಅರ್ಧ ಆ ಮುದುಕಿಯದು. ಕಣ್ಣಲ್ಲಿ ನೀರು ಬಂತು.

"ಟೈಮ್ ಆಯ್ತು. ಏಳಿ" ಎಂದರು ಮಾಸ್ಟರು.

"ಪ್ಯಾಕಿಂಗ್‌ಗೇ ಕಳಿಸಿ ಮಾಸ್ಟ್ರೆ, ಬೇಡ ಅನ್ನಲ್ಲ. ಆದ್ರೆ ಈ ಅಂಗಿ ಹೀಗೆ ಬಿಟ್ಟು ನಾನು ಏಳಲ್ಲ."

ಜನ ಮನೆಗೆ ಹೊರಟ ಸದ್ದು ಕೇಳುತ್ತಿತ್ತು. ಅವಳು ಕಾಲರನ್ನು ಬಿಚ್ಚಿದಳು. ಅಚ್ಚು ಇಲ್ಲ. ಏನು ಮಾಡುವುದು? ಬಟ್ಟೆಯನ್ನು ನಟ್ಟನಡುವೆ ಮಡಚಿ ಒಂದು ಅರ್ಧಕ್ಕೆ ಸೀಮೆಸುಣ್ಣದಲ್ಲಿ ಗಟ್ಟಿಯಾಗಿ ಗೆರೆ ಎಳೆದಳು, ಇನ್ನೊಂದು ಅರ್ಧವನ್ನು ಅದರ ಮೇಲೆ ಒತ್ತಿ ಉಜ್ಜಿದಳು. ಬಿಡಿಸಿದರೆ ಎರಡೂ ಕಡೆ ಒಂದೇ ಗೆರೆ. ಅವಳ ಜೀವಮಾನದ ಮೊದಲ ಗೆರೆ ಅದು! ನಿಧಾನವಾಗಿ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳ ಹಾಗೆ, ಅದರ ಮೇಲೆ ಹೊಲಿದಳು.

ಮಾಸ್ಟರು ಎದ್ದು ಹೋಗಲಿಲ್ಲ. ಅಂಗಿ ಕೈಗೆ ಬಂದಾಗ ಎರಡು ಮೂಲೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ಆಮೇಲೆ ಅಂಗಿಯನ್ನು ಅವಳ ಕೈಗೇ ಕೊಟ್ಟು, "ತಪ್ಪು ನಾನೂ ದಿನಾ ಮಾಡ್ತೀನಿ. ಬಿಚ್ಚೋಕೆ ಬೇಜಾರು ಮಾಡ್ಕೊಳ್ಳದೆ ಇರೋರು ಬೇಕು ನನಗೆ. ಸೋಮವಾರ ಇಲ್ಲಿಗೇ ಬನ್ನಿ" ಎಂದರು.

ಅವಳು ಓಡಿದಳು, ನಿಜವಾಗಿಯೂ ಓಡಿದಳು, ಅಂಗಿಯನ್ನು ಎದೆಗವಚಿಕೊಂಡು. ಲೈನು ಖಾಲಿಯಾಗಿತ್ತು. ಗೆರೆ ಎಳೆಯುವ ಮುದುಕಿ ಮಾತ್ರ ಮೇಜು ಒರೆಸುತ್ತಿದ್ದಳು. ಕಾಲರ್ ಅಕ್ಕ ಹೋಗಿ ಆ ಸುಣ್ಣ ಮೆತ್ತಿದ ಕೈಗಳನ್ನು ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟಳು.

"ಇಷ್ಟು ವರ್ಷ ನಿಮ್ಮ ಗೆರೆ ಮೇಲೆ ಬದುಕಿದೆ ಅಮ್ಮ, ಒಂದು ದಿನಾನೂ ತಿರುಗಿ ನೋಡ್ಲಿಲ್ಲ."

"ಅಳಬೇಡ ಕಣೇ ಹುಚ್ಚಿ, ಅಂಗಿ ಒದ್ದೆ ಆಗುತ್ತೆ" ಎಂದಳು ಮುದುಕಿ. ಆಮೇಲೆ ಸೀರೆಗೆ ಕೈ ಒರೆಸಿಕೊಂಡು, ಒಂದಲ್ಲ ಎರಡು ಸಲ ಒರೆಸಿಕೊಂಡು, ಕೈ ಚಾಚಿದಳು. "ಕೊಡಿಲ್ಲಿ. ಪೂರ್ತಿ ಆದ್ಮೇಲೆ ಹೇಗಿರುತ್ತೆ ಅಂತ ನಾನು ಯಾವತ್ತೂ ನೋಡೇ ಇಲ್ಲ."

ಕಾಲರನ್ನು ಬೆರಳಲ್ಲಿ ಸವರಿ ನೋಡಿದಳು. ಸುಣ್ಣದ ಗೆರೆ ಒಳಗೆ ಮಡಚಿಹೋಗಿತ್ತು, ಹೊರಗೆ ಎಲ್ಲೂ ಕಾಣುತ್ತಿರಲಿಲ್ಲ.

"ನಂಗೂ ಬರುತ್ತೇನೇ ಇದು? ಈ ವಯಸ್ಸಲ್ಲಿ?"

ಕಾಲರ್ ಅಕ್ಕ ಕಣ್ಣೊರೆಸಿಕೊಂಡು ತನ್ನ ಮೆಷಿನ್ನಿನ ಮುಂದಿನ ಸ್ಟೂಲನ್ನು ಎಳೆದಳು. "ಕೂತ್ಕೊಳ್ಳಿ ಅಮ್ಮ. ಮೊದಲು ಜೇಬು."