ದಿಮ್ಮಿಯ ಮೇಲಿಟ್ಟ ಮಚ್ಚು

ನನ್ನ ಎಡಗಣ್ಣು ತೆಗೆದವನು ನನ್ನ ಒಡಹುಟ್ಟಿದ ಅಣ್ಣ. ಇದನ್ನು ಇಷ್ಟು ನೇರವಾಗಿ ಹೇಳಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ಅಲ್ಲಿಯವರೆಗೂ ಕೇಳಿದವರಿಗೆಲ್ಲ ‘ಎಲುಬು ಕಡಿಯುವಾಗ ಚೂರು ಸಿಡಿಯಿತು’ ಎನ್ನುತ್ತಿದ್ದೆ. ಮಾಂಸದ ಅಂಗಡಿಯವನ ಮಾತು, ಯಾರೂ ಅನುಮಾನಪಡಲಿಲ್ಲ.

ಅಂಗಡಿ ಅಪ್ಪನ ಕಾಲದ್ದು. ಹಿಂದಿನ ಕೋಣೆಯಲ್ಲಿ ಸಾಲು ಕೊಕ್ಕೆಗಳು, ನೀರು ಹರಿದುಹೋಗಲೆಂದು ಇಳಿಜಾರು ಮಾಡಿದ ನೆಲ, ನಡುವೆ ಸೊಂಟದೆತ್ತರದ ಮರದ ದಿಮ್ಮಿ. ಮಚ್ಚನ್ನು ಕೈಯಿಂದ ಕೈಗೆ ಕೊಡಬಾರದು ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ದಿಮ್ಮಿಯ ಮೇಲಿಡಬೇಕು, ಬೇಕಾದವನು ಎತ್ತಿಕೊಳ್ಳಬೇಕು. “ಎತ್ಕೊಂಡ್ಮೇಲೆ ಅದು ನಿಂದು. ಬೆರಳು ಹೋದ್ರೆ ಇಟ್ಟವನನ್ನ ಬೈಬೇಡ,” ಎನ್ನುತ್ತಿದ್ದ.

ಅಣ್ಣನಿಗೆ ಬೀದಿಯವರು ಇಟ್ಟ ಹೆಸರು ಬೆಂಕಿಪೊಟ್ಟಣ. ತೂಕದ ಬಗ್ಗೆ ತಕರಾರು ತೆಗೆದ ಗಿರಾಕಿಯೊಬ್ಬನ ಮೂಗು ಒಡೆದಿದ್ದ. ಬಾಗಿಲು ತೆರೆಯುವುದು ತಡವಾಯಿತೆಂದು ಅತ್ತಿಗೆಯ ತಲೆಯನ್ನು ಅದೇ ಬಾಗಿಲಿಗೆ ಜಜ್ಜಿದ್ದ. ನನ್ನ ತಪ್ಪು ಅದಕ್ಕಿಂತ ಸಣ್ಣದು: ಮಸೆಯುವ ಕಲ್ಲನ್ನು ನೆನೆಸಿಡಲು ಮರೆತಿದ್ದೆ. ಕೈಗೆ ಸಿಕ್ಕ ಕೊಕ್ಕೆಯನ್ನು ಬೀಸಿದ. ಕೆನ್ನೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಅದು ಬರೀ ರಕ್ತವಲ್ಲವೆಂದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಪ್ರತಿ ಸಲ ಕೈ ಮಾಡಿದ ಮೇಲೂ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಅಳುತ್ತಿದ್ದ. “ಸೈತಾನ ಮಾಡಿಸ್ಬಿಟ್ಟ!” ಯಾರಿಗೆ, ಏನು ಎಂದು ಎಂದೂ ಹೇಳಲಿಲ್ಲ. ಸಭೆಯವರು ‘ಆಮೆನ್’ ಎನ್ನುತ್ತಿದ್ದರು. ಆ ಸೈತಾನ ನಮ್ಮ ಅಂಗಡಿಯಲ್ಲಿ ದುಡಿದಷ್ಟು ನಾನೂ ದುಡಿದಿಲ್ಲ. ನನ್ನ ಕಣ್ಣು ಹೋದ ಮೇಲೆ ಅಣ್ಣ ಹೆದರಿ ಹೋದ, ಮತ್ತೆ ಯಾರ ಮೇಲೂ ಕೈ ಎತ್ತಲಿಲ್ಲ. ‘ಸೈತಾನ ನನ್ನನ್ನು ಬಿಟ್ಟುಹೋದ’ ಎಂಬ ಸಾಕ್ಷಿ ಹೇಳಿ ಹೇಳಿ ಸಭೆಯ ಹಿರಿಯನಾದ. ಮದುವೆಯಾಗುವ ಜೋಡಿಗಳಿಗೆ ಬುದ್ಧಿ ಹೇಳುವವನೂ ಅವನೇ. ನನ್ನ ಹೊಟ್ಟೆ ಉರಿಯುತ್ತಿತ್ತು, ಆದರೂ ಎಲುಬಿನ ಚೂರಿನ ಕಥೆಯನ್ನೇ ಹೇಳಿಕೊಂಡು ಬಂದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಅಣ್ಣನ ಮಗಳು ಅಂಗಡಿಯ ಹಿಂಬಾಗಿಲಿಗೆ ಬಂದಳು. ಬಲಗೈ ಮೊಣಕೈಯ ಕೆಳಗೆ ತಿರುಚಿಕೊಂಡಿತ್ತು, ಮೂಳೆ ಚರ್ಮ ಸೀಳಿ ಹೊರಗೆ ಇಣುಕಿತ್ತು. ಎಡಗೈಯ ಕರವಸ್ತ್ರದಲ್ಲಿ ಎರಡು ಹಲ್ಲುಗಳಿದ್ದವು. ಕಟ್ಟಿಕೊಂಡವನ ಕೆಲಸ. ಅತ್ತಿಗೆ ಮನೆಯಿಂದ ಓಡಿಬಂದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅರ್ಧ ಗಂಟೆಯಲ್ಲಿ ಅಳಿಯನೇ ಬಂದ. ಲಾರಿ ರಿಪೇರಿಯವನು, ಬೆರಳ ಗೆಣ್ಣುಗಳು ಸುಲಿದಿದ್ದವು. ನಾನು ಷಟರ್ ಎಳೆದೆ. ದೊಡ್ಡ ಮಚ್ಚನ್ನು ಗೋಡೆಯಿಂದ ತೆಗೆದು, ಹಿಡಿಯನ್ನು ಅಣ್ಣನ ಕಡೆಗೆ ಮಾಡಿ ದಿಮ್ಮಿಯ ಮೇಲಿಟ್ಟೆ. ಅಳಿಯನನ್ನು ಕಡಿಯಲಿ ಎಂದೇ ಇಟ್ಟೆ.

ಅಳಿಯ ಮೊಣಕಾಲೂರಿದ. “ನಾನಲ್ಲ ಮಾವ, ಸೈತಾನ ಮಾಡಿಸ್ಬಿಟ್ಟ. ಅದು ಹೇಗೇಂತ ನಿಮಗೆ ಗೊತ್ತಲ್ಲ.”

ಅಣ್ಣ ಮಚ್ಚು ಎತ್ತಿಕೊಂಡ. ಅಳಿಯನ ಕೂದಲು ಹಿಡಿದೆಳೆದು ಕೆನ್ನೆಯನ್ನು ದಿಮ್ಮಿಗೆ ಒತ್ತಿದ. ಅವನು ಕಿರುಚಿಕೊಂಡ, ಕಾಲು ಒದ್ದಾಡಿ ಬಕೆಟ್ಟು ಉರುಳಿತು. “ಹೊಡಿ ಅಣ್ಣಾ!” ಎಂದು ಕೂಗಿದೆ. ನನಗೆ ಖುಷಿಯಾಗಿತ್ತು. ಮಚ್ಚು ಎತ್ತಿ ಹಿಡಿದ ಅಣ್ಣನ ತುಟಿ “ಕರ್ತನೇ, ಕರ್ತನೇ” ಎನ್ನುತ್ತಿತ್ತು.

ಮಚ್ಚು ಬಿತ್ತು. ಅಳಿಯನ ಕಿವಿಯಿಂದ ನಾಲ್ಕು ಬೆರಳು ಆಚೆ ಮರದೊಳಗೆ ಇಳಿಯಿತು.

ಅಣ್ಣ ಹಿಡಿ ಬಿಟ್ಟು ಗೋಡೆಗೆ ಒರಗಿದ. ಏದುಸಿರು ಬಿಡುತ್ತ ನನ್ನ ಕಡೆ ತಿರುಗಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಗುಳಿಬಿದ್ದ ಕಣ್ಣನ್ನು ನೆಟ್ಟಗೆ ನೋಡಿದ.

“ಇಟ್ಟವನು ನೀನು. ಎತ್ಕೊಂಡವನು ನಾನು,” ಎಂದ. “ಅವತ್ತು ಕೊಕ್ಕೆ ಎತ್ಕೊಂಡವನೂ ನಾನೇ ಕಣೋ. ಸೈತಾನ ಇಟ್ಟು ಸುಮ್ನಿರ್ತಾನೆ. ಅವನು ಯಾವತ್ತೂ ನನ್ನ ಕೈ ಹಿಡ್ಕೊಂಡಿರ್ಲಿಲ್ಲ.”

ಆಮೇಲೆ ಅಳಿಯನನ್ನು ರಟ್ಟೆ ಹಿಡಿದು ಎಬ್ಬಿಸಿದ. “ನಡಿ, ಪೊಲೀಸ್ ಸ್ಟೇಷನ್‌ಗೆ. ನಾನೂ ಬರ್ತೀನಿ. ನಂದೂ ಒಂದಿದೆ.”

ಇನ್‌ಸ್ಪೆಕ್ಟರ್ ಮಗಳ ವಿಷಯವೆಲ್ಲ ಬರೆದುಕೊಂಡು ಪೆನ್ನು ಮುಚ್ಚುವುದರಲ್ಲಿದ್ದರು. “ಇನ್ನೊಂದು ಬರ್ಕೊಳ್ಳಿ ಸಾರ್,” ಎಂದ ಅಣ್ಣ. “ಇವನು ನನ್ನ ತಮ್ಮ. ಇವನ ಕಣ್ಣು ತೆಗೆದಿದ್ದು ನಾನು.”

ಅವರು ನನ್ನನ್ನು ನೋಡಿದರು. “ಹೌದೇನ್ರೀ?”

ಎಲುಬಿನ ಚೂರು ನಾಲಿಗೆಯ ತುದಿಯಲ್ಲೇ ಇತ್ತು. ಅದೊಂದು ಮಾತು ಆಡಿದ್ದರೆ ಅಣ್ಣ ಮನೆಗೆ ಹೋಗುತ್ತಿದ್ದ, ಹಿರಿಯತನವೂ ಉಳಿಯುತ್ತಿತ್ತು. ಅವನು ತಲೆ ತಗ್ಗಿಸಿ ಕಾಯುತ್ತಿದ್ದ.

“ಹೌದು ಸಾರ್,” ಎಂದೆ. ಅಷ್ಟಕ್ಕೆ ನಿಲ್ಲಿಸಲು ಆಗಲಿಲ್ಲ. “ಇವತ್ತು ಮಚ್ಚು ತೆಗೆದಿಟ್ಟಿದ್ದು ನಾನು. ಕಡಿಸ್ಬೇಕೂಂತಲೇ ಇಟ್ಟಿದ್ದು.”

ಇನ್‌ಸ್ಪೆಕ್ಟರ್ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. “ನಿಮ್ಮ ಮನೇಲಿ ಇನ್ನೂ ಯಾರಾದ್ರೂ ಇದಾರೇನ್ರೀ ಹೇಳೋರು?” ಎಂದರು.

ಅಳಿಯನನ್ನು ಒಳಗೆ ಹಾಕಿದರು. ನಮ್ಮನ್ನು ಸೋಮವಾರ ಮತ್ತೆ ಬನ್ನಿ ಎಂದು ಕಳಿಸಿದರು. ನಡುವೆ ಬಂದ ಭಾನುವಾರ ಅಣ್ಣ ಚರ್ಚಿನಲ್ಲಿ ಎದ್ದು ನಿಂತ. ಈ ಸಲ ಅಳಲಿಲ್ಲ. ಗಿರಾಕಿಯ ಮೂಗು, ನನ್ನ ಕಣ್ಣು, ಮಗಳ ಗಂಡನ ಕತ್ತಿನ ಮೇಲೆ ಎತ್ತಿದ ಮಚ್ಚು, ಎಲ್ಲ ಒಂದೊಂದಾಗಿ ಹೇಳಿದ. ಕೊನೆಗೆ, “ನನ್ನ ಹೆಂಡತಿ ತಲೇನ ಬಾಗಿಲಿಗೆ ಜಜ್ಜಿದ್ದು ನಾನು. ನಾನೇ,” ಎಂದ. ಸೈತಾನನ ಹೆಸರೆತ್ತಲಿಲ್ಲ.

ಯಾರೂ ಆಮೆನ್ ಎನ್ನಲಿಲ್ಲ. ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. ಆಗ ಹಿಂದಿನ ಬೆಂಚಿನಿಂದ, ಕೈಗೆ ಕಟ್ಟು ಹಾಕಿಸಿಕೊಂಡ ಮಗಳ ಪಕ್ಕದಲ್ಲಿ ಕುಳಿತಿದ್ದ ಅತ್ತಿಗೆ ಒಬ್ಬಳೇ, ಎಲ್ಲರಿಗೂ ಕೇಳುವಂತೆ, “ಆಮೆನ್” ಎಂದಳು.